ಮಾಗಡಿಯ ಇನ್‌ಬಾಕ್ಸ್

ಕೋವಿಡ್ ಕಳೆದ ಮರುವರ್ಷ ನಾನು ರಾಮನಗರದಲ್ಲಿ, ಜಾನುವಾರುಗಳಿಗೆ ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಯೊಂದರ ಕಂಪ್ಯೂಟರ್ ವಿಭಾಗದ ಮೇಲ್ವಿಚಾರಕನಾಗಿದ್ದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕು ಕಡೆಯೂ ಒಂದೊಂದು ಇಮೇಲ್ ಇನ್‌ಬಾಕ್ಸ್, ಒಂದೊಂದು ಚಿಕಿತ್ಸಾ ವ್ಯಾನ್. ಕಾಯಿಲೆ ಬಿದ್ದ ದನ-ಕುರಿಗಳ ವಿವರವನ್ನು ಹಳ್ಳಿಯ ಪ್ರತಿನಿಧಿಗಳು ಇಮೇಲ್ ಮಾಡುತ್ತಿದ್ದರು. ಎಷ್ಟು ಬಂದವೆಂದು ಸಂಜೆ ನಾಲ್ವರು ಗುಮಾಸ್ತರು ಫೋನಿನಲ್ಲಿ ಹೇಳುವುದು, ನಾನು ಸ್ಪ್ರೆಡ್‌ಶೀಟಿಗೆ ತುಂಬುವುದು.

ಈ ಕತ್ತೆಚಾಕರಿ ಸಾಕಾಗಿ ಒಂದು ಸ್ಕ್ರಿಪ್ಟ್ ಬರೆದೆ. ಅಂದರೆ, ನಾಲ್ಕೂ ಇನ್‌ಬಾಕ್ಸ್ ತೆರೆದು ಅಂದಿನ ಇಮೇಲ್‌ಗಳನ್ನು ತಾನೇ ಎಣಿಸಿ ಶೀಟಿನಲ್ಲಿ ಬರೆಯುವ ಪುಟ್ಟ ಪ್ರೋಗ್ರಾಮ್. ಮೊದಲ ದಿನವೇ ಅದು ಮಾಗಡಿಗೆ ಎರಡು ಎಂದು ತೋರಿಸಿತು. ಅಲ್ಲಿನ ಗುಮಾಸ್ತೆ ಜಯಮ್ಮ ದಿನವೂ ಇಪ್ಪತ್ತರ ಮೇಲೆ ಹೇಳುತ್ತಿದ್ದವರು. ಇಷ್ಟು ದಿನ ಬಾಯಿಗೆ ಬಂದದ್ದು ಹೇಳಿದ್ದಾರೆಂದು ನಕ್ಕೆ. ಅವರು ಫೋನ್ ಮಾಡಿ ತಕರಾರು ತೆಗೆದಾಗ, ಮೆಷಿನ್ ಸುಳ್ಳು ಹೇಳಲ್ಲ ಜಯಮ್ಮೋರೇ, ಅಂದುಬಿಟ್ಟೆ. ತಿಂಗಳೊಳಗೆ ಆಡಳಿತದವರು ಅದೇ ಶೀಟ್ ನೋಡಿ ಮಾಗಡಿಯ ವ್ಯಾನನ್ನು ಕನಕಪುರಕ್ಕೆ ಕಳಿಸಿದರು.

ಒಂದು ಬೆಳಿಗ್ಗೆ ಮಾಗಡಿ ತಾಲ್ಲೂಕಿನ ಕುದೂರಿನ ಹತ್ತಿರ ಕುರಿ ಸಾಕುವ ಕರಿಯಣ್ಣನ ಮಂದೆಗೆ ಹೊಟ್ಟೆಯುಬ್ಬರ ಬಂತು. ಇಮೇಲ್ ನೋಡಿದ ಜಯಮ್ಮ ಕನಕಪುರಕ್ಕೆ ಫೋನಿನ ಮೇಲೆ ಫೋನ್ ಮಾಡಿದರು. ವ್ಯಾನ್ ತಲುಪುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು, ಹದಿನೆಂಟು ಕುರಿ ಸತ್ತಿದ್ದವು. ಮರುದಿನ ವಿಚಾರಣೆಗೆಂದು ಹೋದ ನನ್ನನ್ನು ಕರಿಯಣ್ಣ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಮೇಲ್ ಬಂದಿತ್ತಾ ಸಾ?" ಅಂದ.

"ಬೆಳಿಗ್ಗೇನೇ ಬಂದಿತ್ತು."

"ಈಗ ಬತ್ತಾರೆ, ಇನ್ನೊಸಿ ಹೊತ್ಗೆ ಬತ್ತಾರೆ ಅಂತ ರೋಡ್ ನೋಡ್ಕಂಡು ಕುಂತಿದ್ದೆ."

ಅಲ್ಲಿಂದ ನೇರ ಮಾಗಡಿಗೆ ಬಂದು ಜಯಮ್ಮನವರ ಕಂಪ್ಯೂಟರ್ ಮುಂದೆ ಕೂತೆ. ಇಮೇಲ್ ಬಂದೊಡನೆ ಓದಿ, ಆಯಾ ಊರಿನ ಹೆಸರಿನ ಫೋಲ್ಡರಿಗೆ ಸರಿಸಿಡುವುದು ಅವರ ರೂಢಿ. ನನ್ನ ಸ್ಕ್ರಿಪ್ಟ್ ಇನ್‌ಬಾಕ್ಸಿನಲ್ಲಿ ಉಳಿದದ್ದನ್ನು ಮಾತ್ರ ಎಣಿಸುತ್ತಿತ್ತು. ಬೇರೆ ಮೂರು ಕಡೆ ಇಮೇಲ್‌ಗಳು ಬಂದಲ್ಲೇ ಬಿದ್ದಿರುತ್ತಿದ್ದವು. ಅಚ್ಚುಕಟ್ಟಾಗಿ ಕೆಲಸ ಮಾಡಿದವರ ತಾಲ್ಲೂಕಿಗೇ ವ್ಯಾನ್ ಇಲ್ಲವಾಯಿತು. ನಾಚಿಕೆಯಿಂದ ಕುಗ್ಗಿಹೋದೆ.

"ಅವತ್ತೇ ಒಸಿ ಬಂದು ನೋಡಿದ್ರೆ ಆಗಿತ್ತಲ್ಲ ಸಾ," ಅಂದರು ಜಯಮ್ಮ. ಅಷ್ಟೇ.

ಸ್ಕ್ರಿಪ್ಟ್ ಸರಿಮಾಡಲು ಹತ್ತು ನಿಮಿಷ ಸಾಕಾಯಿತು. ವ್ಯಾನ್ ಮರಳಲು ಎರಡು ವಾರ ಹಿಡಿಯಿತು. ಲೆಕ್ಕ ತಾಳೆಯಾಗದಾಗ ಮನುಷ್ಯರನ್ನು ಅನುಮಾನಿಸುವ ಮೊದಲು ಬಸ್ ಹತ್ತಿ ಹೋಗಿ ನೋಡಬೇಕೆಂದು ಈ ಕೆಲಸ ನನಗೆ ಕಲಿಸಿತು. ಪಾಠ ನನ್ನದು, ಬೆಲೆ ತೆತ್ತವನು ಕರಿಯಣ್ಣ. ತಪ್ಪು ನನ್ನದೇ ಎಂದು ವರದಿಯಲ್ಲಿ ಬರೆದುಕೊಟ್ಟೆ. ಅವನ ಮುಂದೆ ನಿಂತು ಹೇಳಲು ಮಾತ್ರ ಇಂದಿಗೂ ಆಗಿಲ್ಲ.