ಬಂಡೆಪ್ಪನ ಗೊಂಬೆ, ಮಾಯವ್ವನ ಮಾತು

ಬಂಡೆಪ್ಪ ಹೋಗಿ ನಲವತ್ತು ದಿನವಾಯಿತು. ಹುನಗುಂದ, ಇಳಕಲ್ಲ ಕಡೆಯ ಜನ ಅವನನ್ನು ನೆನೆಯುವುದು ನಗುತ್ತಲೇ. ನನಗೆ ಮಾತ್ರ ಅವನು ನಗಿಸಲಾರದೆ ಒದ್ದಾಡಿದ ದಿನಗಳೇ ಕಣ್ಣ ಮುಂದೆ ಬರುತ್ತವೆ.

ಗುಡೂರಿನ ಸಾಲೆಯಲ್ಲಿ ನಾವಿಬ್ಬರೂ ಒಟ್ಟಿಗೆ ಓದಿದವರು. ನಾನು ಅದೇ ಸಾಲೆಗೆ ಮಾಸ್ತರನಾದೆ. ಅವನು ಕುರಿಗಾರರ ಮನೆಯವನು. ಕಂಬಳಿ ಮಾರಲು ಹೋದ ಸಂತೆಗಳಲ್ಲಿ ಗೊಂಬೆಯಾಟ ನೋಡಿ ಕಲಿತ. ಅವನದು ಕೈಗೆ ತೊಡುವ ಗೊಂಬೆ: ರದ್ದಿ ಕಾಗದ ಅರೆದು ಮಾಡಿದ ತಲೆ, ಹಳೆಯ ಇಳಕಲ್ಲ ಸೀರೆಯ ತುಂಡು ಮೈಗೆ. ಹೆಸರು ನಿಂಗಜ್ಜಿ. ಯಾರನ್ನೂ ಬಿಡದೆ ಆಡಿಕೊಳ್ಳುವ ಬಾಯಿ ಅವಳದು.

೧೯೭೫ರಲ್ಲಿ ಒಂದು ವರ್ಷದ ಮಟ್ಟಿಗೆಂದು ನಮ್ಮ ಸಾಲೆಗೆ ಉಪಗ್ರಹದಿಂದ ಚಿತ್ರ ಹಿಡಿಯುವ ಸರಕಾರದ ಟೀವಿ ಬಂತು. ಮಾಳಿಗೆಯ ಮೇಲೆ ತಂತಿ ಜಾಳಿಗೆಯ ದೊಡ್ಡ ಬುಟ್ಟಿ ಕೂತಿತು, ಪೆಟ್ಟಿಗೆಯ ಕೀಲಿ ನನ್ನ ಕೈಗೆ ಬಂತು. ಕನ್ನಡ ಕಾರ್ಯಕ್ರಮ ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಬಾದಾಮಿಯಲ್ಲಿ ಬಂಡೆಪ್ಪನ ಆಟ ನೋಡಿದ್ದ ಅಧಿಕಾರಿಯೊಬ್ಬರು ಅವನನ್ನು ಕರೆಸಿಕೊಂಡರು. ವಾರಕ್ಕೆ ಎಂಟು ನಿಮಿಷ ನಿಂಗಜ್ಜಿಯದು. ಆ ಹೊತ್ತಿಗೆ ಸಾಲೆಯ ಅಂಗಳದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ನಿಂಗಜ್ಜಿಯ ಮಾತು ಎಲ್ಲಿಂದ ಬರುತ್ತದೆಂದು ನನಗೊಬ್ಬನಿಗೇ ಗೊತ್ತಿತ್ತು. ಅವನ ತಾಯಿ ಮಾಯವ್ವ ರೊಟ್ಟಿ ಬಡಿಯುತ್ತ ಊರ ಸುದ್ದಿ ಹೇಳುವಳು. ಊರಿಗೆ ಬಂದಾಗಲೆಲ್ಲ ಇವನು ಒಲೆಯ ಪಕ್ಕ ಕೂತು ಕೇಳುವನು. ಮುಂದಿನ ವಾರ ಅದು ಗೊಂಬೆಯ ಬಾಯಲ್ಲಿ ಇರುತ್ತಿತ್ತು. ಅವಳಿಗೆ ಟೀವಿಯ ಬೆಳಕಿಗೆ ಕಣ್ಣು ಉರಿಯುತ್ತಿತ್ತು; ಸಾಲೆಯ ಕಡೆ ಬರುತ್ತಿರಲಿಲ್ಲ.

ಒಂದು ವಾರ ನಿಂಗಜ್ಜಿ ಹೇಳಿದಳು: “ನಮ್ಮ ಬಾಜೂ ಮನಿಯಾಕಿ ಚಾ ಕೊಟ್ರ ಬಟ್ಟಲದ ತಳ ಕಾಣಸ್ತೈತಿ. ಚಾ ಐತೋ ಇಲ್ಲೋ ಬೆರಳ ಹಚ್ಚಿ ನೋಡಬೇಕು.”

ಅಂಗಳವೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಸಕ್ರವ್ವ ಎದ್ದು ಹೋದಳು. ಮಾಯವ್ವನ ಬಾಜೂ ಮನೆಯವಳು, ಮೂವತ್ತು ವರ್ಷದಿಂದ ಗೆಳತಿ. ಮರುದಿನ ಬೆಳಿಗ್ಗೆ ಅವರಿಬ್ಬರ ಮನೆಗಳ ನಡುವಿನ ಸಣ್ಣ ಬಾಗಿಲಿಗೆ ಆ ಕಡೆಯಿಂದ ಚಿಲಕ ಬಿದ್ದಿತ್ತು.

ಒಲೆಯ ಮುಂದೆ ತಾನು ಆಡಿದ ಮಾತೇ ಟೀವಿಯಲ್ಲಿ ಬಂತೆಂದು ತಿಳಿದ ಮಾಯವ್ವ ಅಂದಿನಿಂದ ಮಗನ ಎದುರು ಮಾತು ಬಿಟ್ಟಳು. ಜಗಳವಿಲ್ಲ, ಅಳುವಿಲ್ಲ. ಅವನು ಬಂದರೆ ತಾಟು ಇಡುವಳು, ನೀರು ಇಡುವಳು, ಹೊರಗೆ ಹೋಗಿ ಕುರಿಗಳ ಜೊತೆ ಮಾತಾಡುವಳು. ಮನೆಗೆ ಬಂದ ಹೆಂಗಸರಿಗೂ ಹೇಳಿದಳಂತೆ, ಅವನ ಮುಂದೆ ಬಾಯಿ ಬಿಡಬೇಡಿ, ಗೊಂಬೆಗೆ ತಿನ್ನಿಸುತ್ತಾನೆ ಎಂದು.

ಎರಡು ವಾರಕ್ಕೇ ನಿಂಗಜ್ಜಿ ಸಪ್ಪಗಾದಳು. ಅಧಿಕಾರಿ ಎಚ್ಚರಿಸಿದರು: ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಬಂಡೆಪ್ಪ ಮತ್ತೆ ಮತ್ತೆ ಊರಿಗೆ ಬಂದು ಒಲೆಯ ಪಕ್ಕ ಕೂಡತೊಡಗಿದ. ನನಗೆ ತಡೆಯಲಾಗಲಿಲ್ಲ.

“ನೀ ಅವ್ವನ ಸಲುವಾಗಿ ಬರ್ತೀಯೋ, ಗೊಂಬಿ ಸಲುವಾಗಿ ಬರ್ತೀಯೋ?”

“ಖರೆ ಹೇಳ್ಲೇನಲೇ ಮಾಸ್ತರ? ನನಗೂ ತಿಳೀವಲ್ದು.”

ಒಮ್ಮೆ ತನ್ನ ಕೆಲಸ ನೋಡಲು ಬಾ ಎಂದು ತಾಯಿಯನ್ನು ಕರೆದ. ಅವಳು ನನ್ನ ಮುಖ ನೋಡಿದಳು. ನಾನೂ ಬರುತ್ತೇನೆಂದೆ. ರಾಯಚೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ದಾರಿಯುದ್ದಕ್ಕೂ ಮಗನೊಂದಿಗೆ ಅವಳು ಒಂದು ಮಾತೂ ಆಡಲಿಲ್ಲ.

ಸ್ಟುಡಿಯೊದಲ್ಲಿ ನಮ್ಮನ್ನು ಬಾಗಿಲ ಬಳಿ ಕೂರಿಸಿದರು. ದೀಪ ಹತ್ತಿದ ಮೇಲೆ ಕೆಮ್ಮಲೂಬಾರದು ಎಂದರು. ಎದೆಯೆತ್ತರದ ಹಲಗೆಗೆ ಕರಿ ಬಟ್ಟೆ ಹೊದಿಸಿದ್ದರು; ನಾವು ಕೂತಲ್ಲಿಂದ ಅದರ ಹಿಂಬದಿಯೂ ಕಾಣುತ್ತಿತ್ತು. ಬಂಡೆಪ್ಪ ಅದರ ಹಿಂದೆ ಮೊಣಕಾಲೂರಿ ಎರಡೂ ಕೈ ತಲೆಯ ಮೇಲೆತ್ತಿದ. ಟೀವಿಯಲ್ಲಿ ಗೊಂಬೆಯನ್ನಷ್ಟೇ ಕಂಡಿದ್ದ ನನಗೂ ಅದು ಹೊಸದು. ಮೊದಲ ಸಲ ಮಾತು ತಪ್ಪಿತು, ಎರಡನೆಯ ಸಲ ದೀಪ ಕೆಟ್ಟಿತು. ಮೂರನೆಯ ಸಲಕ್ಕೆ ಅವನ ತೋಳು ನಡುಗುತ್ತಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಮೇಲೆ ನಿಂಗಜ್ಜಿ ಕುಣಿಯುತ್ತಲೇ ಇದ್ದಳು.

ಮಾಯವ್ವ ಎದ್ದು ನಿಂತಳು. ನಾನು ಸೆರಗು ಹಿಡಿದು ಎಳೆದರೂ ಕೂಡಲಿಲ್ಲ.

“ಬಂಡ್ಯಾ, ಕೈ ಇಳಸೋ. ಗೊಂಬಿ ನೆಟ್ಟಗ ನಿಂತೈತಿ, ನೀ ಬೀಳ್ತಿ.”

ಎರಡು ತಿಂಗಳಲ್ಲಿ ಮಗನಿಗೆ ಅವಳು ಆಡಿದ ಮೊದಲ ಮಾತು. ರೂಢಿಯ ಬಲದಿಂದ ನಿಂಗಜ್ಜಿಯ ಮುಖ ಆ ಕಡೆ ಹೊರಳಿತು. ಅಧಿಕಾರಿ ನಿಲ್ಲಿಸಲಿಲ್ಲ, ಮುಂದುವರಿಸು ಎಂದು ಬೆರಳು ತಿರುವಿದರು. ನಿಂಗಜ್ಜಿಗೆ ಬೇಕಾದಂಥ ಮಾತು ತಾನಾಗಿ ಬಂದಿದೆ, ಗೊಂಬೆ ಅದಕ್ಕೊಂದು ಉತ್ತರ ಕೊಟ್ಟರೆ ಸಾಕು. ಉತ್ತರ ಬಂಡೆಪ್ಪನ ನಾಲಿಗೆಯ ಮೇಲೇ ಇತ್ತೆಂದು ನನಗೆ ಗೊತ್ತು. ಅವನ ತುಟಿ ಅಲುಗಿದ್ದನ್ನು ನಾನು ಬದಿಯಿಂದ ನೋಡಿದೆ. ಮಾಯವ್ವನೂ ನೋಡಿದಳು. ನಿಂತಲ್ಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವನು ಕೈ ಇಳಿಸಿದ. ಗೊಂಬೆಯನ್ನು ತೆಗೆದು ನೆಲಕ್ಕಿಟ್ಟ.

ಅಧಿಕಾರಿ ಬೈದರು. ಆ ವಾರ ನಿಂಗಜ್ಜಿ ಬರಲಿಲ್ಲ, ಮುಂದೆಯೂ ಬರಲಿಲ್ಲ. ಅವನು ಟಗರಿನ ಗೊಂಬೆ ಮಾಡಿದ. ಮಕ್ಕಳು ಮಾತ್ರ ನಕ್ಕರು. ಮುಂದಿನ ಮಳೆಗಾಲಕ್ಕೆ ಆ ಟೀವಿಯೇ ನಿಂತುಹೋಯಿತು. ಆಮೇಲೆ ಹತ್ತು ವರ್ಷ ಸರಕಾರಿ ಪ್ರಚಾರಕ್ಕೆಂದು ಕಲಾದಗಿ, ಚೊಳಚಗುಡ್ಡ ಎಂದು ಊರೂರು ತಿರುಗಿದ. ಬಲ ಭುಜ ಹಿಡಿದುಕೊಂಡಿತು, ಎಡಗೈಯಲ್ಲೇ ಆಡಿಸಿದ. ಸಕ್ರವ್ವನ ಕಡೆಯ ಚಿಲಕ ತೆಗೆಯಲು ಎರಡು ವರ್ಷ ಹಿಡಿಯಿತು.

ಕಾಮಣಿ ಏರಿ, ಕಣ್ಣು ಮೈಯೆಲ್ಲ ಹಳದಿಯಾಗಿ ಬಾಗಲಕೋಟೆಯ ದವಾಖಾನೆಯಲ್ಲಿ ಮಲಗಿದಾಗ ಅವನಿಗೆ ನಲವತ್ತೆರಡು. ಮಾಯವ್ವ ಮಂಚದ ಪಕ್ಕ ನೆಲದ ಮೇಲೆ ಕೂತು ಮಾತಾಡುತ್ತಲೇ ಇದ್ದಳು: ಯಾರ ಸೊಸೆ ಮುನಿಸಿಕೊಂಡಳು, ಯಾವ ಕುರಿ ಈಯಿತು, ಯಾರು ಯಾರಿಗೆ ಏನೆಂದರು. ಉಳಿದ ರೋಗಿಗಳಿಗೆ ತೊಂದರೆ, ಸುಮ್ಮನಿರವ್ವ ಎಂದಳು ನರ್ಸು.

ಬಂಡೆಪ್ಪ ಕಣ್ಣು ತೆರೆಯಲಿಲ್ಲ. ಬೇಡ, ಆಡಲಿ ಎಂಬಂತೆ ಎಡಗೈ ಎತ್ತಿದ.