ಲ್ಯಾಬಿನ ಸೈಟು ಬಿದ್ದ ದಿನ

“ನಾನು ಯಾರನ್ನೂ ನಂಬಲ್ಲ ಅತ್ತೆ, ನಂಬಿದ್ರೆ ಈ ಕೆಲಸ ಮಾಡಕ್ಕಾಗಲ್ಲ. ವೆಬ್‌ಸೈಟು ಬಿದ್ದಿದೆ, ತೆರೀತಿಲ್ಲ ಅಂತ ಫೋನ್ ಮಾಡ್ತಾರೆ. ಏನು ಮುಟ್ಟಿದ್ರಿ ಅಂದ್ರೆ, ಏನೂ ಮುಟ್ಟಿಲ್ಲ ಅಂತಾರೆ. ಮುಟ್ಟೇ ಇರ್ತಾರೆ. ಹೊಸ ಥೀಮ್ ಹಾಕಿರ್ತಾರೆ, ಅಂದ್ರೆ ಸೈಟಿನ ಉಡುಪು ಬದಲಾಯಿಸಿರ್ತಾರೆ. ಇಲ್ಲಾ ಯಾವುದೋ ಪ್ಲಗಿನ್, ಅಂದ್ರೆ ಸೈಟಿಗೆ ಸೇರಿಸೋ ಬಿಡಿಭಾಗ, ತಂದು ಸಿಕ್ಕಿಸಿರ್ತಾರೆ. ಬುಕಿಂಗ್‌ಗೆ ಒಂದು, ಫೋಟೋಗೆ ಒಂದು, ಇನ್ನೊಂದು ಯಾತಕ್ಕೆ ಅಂತ ಹಾಕಿದವರಿಗೇ ಗೊತ್ತಿರಲ್ಲ. ಅದ್ರಲ್ಲಿ ಒಂದು ಕೆಟ್ರೂ ಸಾಕು, ಸೈಟನ್ನ ನಡೆಸೋ ಸರ್ವರ್ ಕಂಪ್ಯೂಟರ್ ಕೈಚೆಲ್ಲಿ ಕೂತು ಐನೂರು ಅಂತ ನಂಬರ್ ತೋರಿಸತ್ತೆ. ಕೆಡಿಸಿದ್ದು ಯಾರು ಅಂತ ಮಾತ್ರ ಪರದೆ ಮೇಲೆ ಬಾಯಿ ಬಿಡಲ್ಲ. ಒಳಗಿನ ಫೈಲಲ್ಲಿ ಬರೆದಿಟ್ಟಿರತ್ತೆ, ಅದನ್ನೂ ನಾನು ಪೂರ್ತಿ ನಂಬಲ್ಲ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಆಫ್ ಮಾಡ್ತೀನಿ. ಆಮೇಲೆ ಒಂದೊಂದಾಗಿ ಆನ್ ಮಾಡ್ತಾ ಬರ್ತೀನಿ. ಯಾವುದನ್ನ ಆನ್ ಮಾಡಿದಾಗ ಸೈಟು ಬೀಳತ್ತೋ ಅದೇ ಕಳ್ಳ.”

ಹೀಗೆಂದವಳು ನನ್ನ ಸೊಸೆ, ಎರಡನೇ ಮಗನ ಹೆಂಡತಿ. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಹಿಂದೆ ಹೊಲಿಗೆ ಮೆಷಿನ್ ಇದ್ದ ಮೇಜೇ ಅವಳ ಆಫೀಸು. ಅನುಮಾನ ಅವಳ ಸ್ವಭಾವದಲ್ಲೇ ಇದೆ. ಹಾಲಿನ ಪ್ಯಾಕೆಟ್ಟಿನ ತಾರೀಕನ್ನು ಎರಡು ಸಲ ನೋಡುತ್ತಾಳೆ. ಬಾಗಿಲು ಹಾಕಿದ್ದೇನೆ ಎಂದರೂ ಎದ್ದುಹೋಗಿ ಚಿಲಕ ಎಳೆದು ನೋಡುತ್ತಾಳೆ. ಹೊಸದರಲ್ಲಿ ನನಗಿದು ಚುಚ್ಚುತ್ತಿತ್ತು. ಅವಳ ಕೆಲಸಕ್ಕೆ ಬೇಕಾದದ್ದೂ ಅದೇ ಗುಣ ಎಂದು ಆಮೇಲೆ ತಿಳಿಯಿತು.

ಮೊನ್ನೆ ಮಂಗಳವಾರ ಬೆಳಿಗ್ಗೆ ರಕ್ತ ಪರೀಕ್ಷೆಯ ಲ್ಯಾಬಿನ ಯಜಮಾನರು ಫೋನ್ ಮಾಡಿದರು. ಜನ ತಮ್ಮ ರಿಪೋರ್ಟುಗಳನ್ನು ಅವರ ಸೈಟಿನಲ್ಲೇ ನೋಡಿಕೊಳ್ಳುತ್ತಾರೆ. ಈಗ ಯಾರು ತೆರೆದರೂ ಆ ಐನೂರೇ ಕಾಣುತ್ತಿತ್ತು. ಇವಳಿಗೆ ಬರುವ ಕೆಲಸವೆಲ್ಲ ಅವರು ನಾಲ್ಕು ಜನಕ್ಕೆ ಹೇಳಿದ್ದರಿಂದ ಬಂದದ್ದು.

“ನೋಡಮ್ಮ, ಬೇಜಾರು ಮಾಡ್ಕೋಬೇಡ. ನೀನೇ ಕೆಡಿಸಿ ನೀನೇ ರಿಪೇರಿ ಮಾಡ್ತೀಯ ಅಂತಾನೆ ನಮ್ಮ ಬಾಮೈದ.”

“ಹೋದ ವಾರ ಅವರೇ ಹೊಸ ಥೀಮ್ ಹಾಕಿದ್ರಲ್ಲ ಸಾರ್. ಎಲ್ಲಿಂದ ತಂದ್ರು ಕೇಳಿ.”

“ಅವನು ಏನೂ ಮುಟ್ಟಿಲ್ವಂತೆ.”

“ಹಾಗಾದ್ರೆ ಥೀಮು ತಾನಾಗೇ ನಡ್ಕೊಂಡು ಬಂತಾ?”

ಅವರು ನಗಲಿಲ್ಲ. “ಮಧ್ಯಾಹ್ನದೊಳಗೆ ಸರಿ ಮಾಡಿ, ಕಾರಣ ಏನು ಅಂತ ಹೇಳು. ಇಲ್ದಿದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತೆ.”

ಸೊಸೆ ಮೊದಲು ಬಾಮೈದನ ಥೀಮನ್ನು ತೆಗೆದು ಸಾದಾ ಥೀಮ್ ಹಾಕಿದಳು. ಐನೂರು. ಪಟ್ಟಿಯಲ್ಲಿದ್ದ ಹದಿನಾಲ್ಕು ಪ್ಲಗಿನ್‌ಗಳನ್ನೂ ಆಫ್ ಮಾಡಿದಳು. ಮತ್ತೆ ಐನೂರು.

“ಒಳಗೆ ಇನ್ನೇನೋ ಬಚ್ಚಿಟ್ಟಿದಾನೆ ಅತ್ತೆ ಆ ಬಾಮೈದ,” ಎಂದಳು.

ಸರ್ವರ್ ಬಾಡಿಗೆಗೆ ಕೊಡುವ ಕಂಪನಿಯವರಿಗೆ ಫೋನ್ ಮಾಡಿದಳು. ನಿನ್ನೆ ಸರ್ವರಿನ ತಂತ್ರಾಂಶಕ್ಕೆ ಹೊಸ ಆವೃತ್ತಿ ಹಾಕಿದ್ದೇವೆ, ಮಿಕ್ಕವರ ಸೈಟುಗಳೆಲ್ಲ ನಡೆಯುತ್ತಿವೆ ಎಂದರು. ಅವರ ಮೇಲೂ ಅವಳಿಗೆ ಅನುಮಾನ. ಆಮೇಲೆ, ತಪ್ಪುಗಳನ್ನೆಲ್ಲ ಸರ್ವರ್ ಬರೆದಿಡುವ ಫೈಲನ್ನು ತೆರೆದಳು. ದಿನವೂ ಮೊದಲು ತೆರೆಯುವುದೇ ಅದನ್ನು. ಅಂದು ಬಾಮೈದನೇ ಎಂದು ಮನಸ್ಸು ಗಟ್ಟಿಯಾಗಿದ್ದರಿಂದ ತೆರೆದಿರಲಿಲ್ಲ.

ಓದಿದವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

“ಯಾರದಂತೆ?” ಎಂದೆ.

“ನಂದೇ.”

ರಿಪೋರ್ಟು ತೋರಿಸುವ ಪ್ಲಗಿನ್ ಅವಳೇ ಬರೆದದ್ದು. ಬಾಮೈದ ಅದನ್ನು ಆಫ್ ಮಾಡಿಬಿಟ್ಟಾನು ಎಂದು ಮೂರು ವರ್ಷದ ಹಿಂದೆ ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದಳು. ಅಲ್ಲಿ ಇಟ್ಟದ್ದಕ್ಕೆ ಪಟ್ಟಿಯಲ್ಲಿ ಸ್ವಿಚ್ ಇರುವುದಿಲ್ಲ. ಹಾಗಾಗಿ ಹದಿನಾಲ್ಕನ್ನು ಆಫ್ ಮಾಡಿದಾಗಲೂ ಅದೊಂದು ನಡೆಯುತ್ತಲೇ ಇತ್ತು. ಅದರಲ್ಲಿದ್ದ ಹಳೇ ಕಾಲದ ಎರಡು ಸಾಲು ಸರ್ವರಿನ ಹೊಸ ಆವೃತ್ತಿಗೆ ಹಿಡಿಸಿರಲಿಲ್ಲ. ಅವನ್ನು ತಿದ್ದಿ, ಆಫ್ ಮಾಡಿದ್ದನ್ನೆಲ್ಲ ಆನ್ ಮಾಡಿದಳು. ಸೈಟು ಎದ್ದಿತು.

ಆಫೀಸಿಗೆ ಹೊರಟಿದ್ದ ಮಗ ಶೂ ಹಾಕಿಕೊಳ್ಳುತ್ತಾ, “ಥೀಮಿನದೇ ತಪ್ಪು ಅಂದ್ಬಿಡು. ಯಾರು ನೋಡ್ತಾರೆ?” ಎಂದ.

“ನಾಳೆ ಅವರು ಸರ್ವರಿನವರನ್ನೇ ಕೇಳಿದ್ರೆ?” ಎಂದಳು. ಫೋನ್ ಕೈಗೆತ್ತಿಕೊಂಡಳು. “ಅಲ್ದೆ ಅವನು ಮಾಡಿಲ್ಲ ಅಲ್ವಾ,” ಎಂದು ನಂಬರ್ ಒತ್ತಿದಳು.

ಯಜಮಾನರು ಎಲ್ಲ ಕೇಳಿಸಿಕೊಂಡರು. “ಅಂದ್ರೆ ಬಾಮೈದ ಅಲ್ಲ.”

“ಅಲ್ಲ ಸಾರ್. ನಂದೇ ತಪ್ಪು.”

“ನಿಜ ಹೇಳ್ತಿದೀಯೋ, ಹೀಗೆ ಹೇಳು ಅಂತ ಅವನೇ ಫೋನ್ ಮಾಡಿದ್ನೋ?”

“ಅವರ ನಂಬರೇ ನನ್ನ ಹತ್ರ ಇಲ್ಲ ಸಾರ್.”

“ಹೂಂ. ಮೂರು ವರ್ಷದಿಂದ ನಮ್ಮ ಸೈಟಿನಲ್ಲಿ ನಮಗೇ ಕಾಣದ್ದು ಒಂದಿತ್ತು ಅನ್ನು. ಅದನ್ನ ಎಲ್ಲದರ ಜೊತೆ ಪಟ್ಟಿಗೆ ಹಾಕು. ಆಮೇಲೆ ನಮ್ಮ ಕೆಲಸ ನೀನೇ ನೋಡ್ಕೊಂಡು ಹೋಗು.”

ಪಟ್ಟಿಗೆ ಹಾಕಿದರೆ ನಾಳೆ ಬಾಮೈದನ ಬೆರಳೂ ಅದರ ಸ್ವಿಚ್ಚಿಗೆ ತಾಗುತ್ತದೆ. ಅವಳ ಕೈ ಎರಡು ಸಲ ಮೌಸಿನ ಮೇಲೆ ಹೋಗಿ ಹಿಂದೆ ಬಂತು. ಮೂರನೇ ಸಲ ಹಾಕಿದಳು. ಹದಿನೈದನೆಯದಾಗಿ ಕಾಣಿಸಿತು.

ಬೆಳಿಗ್ಗೆ ಒಗೆದ ಬಟ್ಟೆ ಬಕೆಟ್ಟಿನಲ್ಲೇ ಉಳಿದಿತ್ತು. ಅದನ್ನೆತ್ತಿಕೊಂಡು ಮಹಡಿಗೆ ಹೋದಳು. ಒಂದೊಂದೇ ಅಂಗಿ ಕೊಡವಿ ತಂತಿಗೆ ಹಾಕುತ್ತಾ ಬಂದಳು, ನಾನು ಹಿಂದೆಯೇ ಕ್ಲಿಪ್ ಸಿಕ್ಕಿಸುತ್ತಾ ಹೋದೆ.