ಒಂದು ಲೋಟ, ಎರಡು ಸ್ಟ್ರಾ

ಟಾಕೀಸಿನಲ್ಲಿ ಎಲ್ಲರಿಗೂ ಅವಳು ಸೋಡಾ ಅಕ್ಕ. ಟಿಕೆಟ್ ಹರಿಯುವವನಿಗೂ ಅಕ್ಕ, ಅವಳಿಗಿಂತ ಎಷ್ಟೋ ದೊಡ್ಡವನಾದ ಮ್ಯಾನೇಜರಿಗೂ ಅಕ್ಕ. ತಂಪು ಪಾನೀಯದ ಕೌಂಟರಿನ ಹಿಂದೆ ನಿಂತೂ ನಿಂತೂ ಅವಳ ಸ್ವಂತ ಹೆಸರು ಸವೆದೇ ಹೋಗಿತ್ತು. ಅಕ್ಕ ಅನ್ನದೆ ಮಾತಾಡಿಸುತ್ತಿದ್ದವರು ಒಬ್ಬರೇ, ಮೇಲಿನ ಕ್ಯಾಬಿನ್ನಿನಲ್ಲಿ ಸಿನಿಮಾ ಓಡಿಸುವ ಆಪರೇಟರು. ಅವರು ಬರೀ ‘ನೀವು’ ಅನ್ನುತ್ತಿದ್ದರು. ಆ ‘ನೀವು’ ಅನ್ನುವುದರೊಳಗೆ ಏನೋ ಇದೆ ಅಂತ ಅವಳಿಗೆ ಒಂದೊಂದು ದಿನ ಅನಿಸುತ್ತಿತ್ತು, ಇನ್ನೊಂದು ದಿನ ಏನೂ ಇಲ್ಲ ಅನಿಸುತ್ತಿತ್ತು.

ಅವಳು ಮದುವೆಯಾಗಿರಲಿಲ್ಲ. ಮದುವೆಯ ವಯಸ್ಸೆಲ್ಲ ಅಮ್ಮನ ಆರೈಕೆಯಲ್ಲಿ ಕಳೆದಿತ್ತು. ಅಮ್ಮನಿಗೆ ಸಕ್ಕರೆ ಕಾಯಿಲೆ. ಮೊದಲು ಕಣ್ಣು ಹೋಯಿತು, ಆಮೇಲೆ ಒಂದು ಪಾದ, ಕೊನೆಗೆ ಅಮ್ಮನೇ. ಈಗ ಮನೆಯಲ್ಲಿ ಅವಳು ಮತ್ತು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ತಂಗಿ, ಇಬ್ಬರೇ. ಆಪರೇಟರ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು.

ಅವಳನ್ನೂ ಆಪರೇಟರನ್ನೂ ಒಂದೇ ಮೆಟ್ಟಿಲ ಮೇಲೆ ಕೂರಿಸಿದ್ದು ಮಾಲೀಕನ ಜಿಪುಣತನ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಆ ಮನುಷ್ಯ, ಸಂಜೆಯ ಆಟಕ್ಕೆ ಇಬ್ಬಿಬ್ಬರು ಕೆಲಸದವರಿಗೆ ಒಂದೊಂದು ದೊಡ್ಡ ಲೋಟ ಪಾನೀಯ ಅಂತ ಗೊತ್ತು ಮಾಡಿದ್ದ. ಗಿರಾಕಿಗಳೆಲ್ಲ ‘ಬಕೆಟ್ಟು’ ಅಂತ ಕರೆಯುತ್ತಿದ್ದ ದೊಡ್ಡ ಕಾಗದದ ಲೋಟ ಅದು. ಉಳಿದವರು ತಮ್ಮತಮ್ಮಲ್ಲೇ ಜೋಡಿಯಾದರು, ಮಿಕ್ಕವರು ಇವರಿಬ್ಬರು. ಇಂಟರ್ವಲ್ ಮುಗಿದು ಸಿನಿಮಾ ಮತ್ತೆ ಶುರುವಾದ ಮೇಲೆ ಕೌಂಟರಿನಲ್ಲಿ ಕೆಲಸವಿರುತ್ತಿರಲಿಲ್ಲ, ಮೇಲೆ ಮಷೀನು ತನ್ನ ಪಾಡಿಗೆ ತಾನು ಓಡುತ್ತಿತ್ತು. ಆಪರೇಟರು ಕೌಂಟರಿನ ಹಿಂಬದಿಯ ಮೆಟ್ಟಿಲಿಳಿದು ಬರುತ್ತಿದ್ದರು. ನಡುವೆ ಲೋಟ, ಲೋಟದಲ್ಲಿ ಎರಡು ಸ್ಟ್ರಾ.

ಕೌಂಟರ್ ಬಿಟ್ಟು ಕದಲುವಂತಿಲ್ಲದ್ದರಿಂದ ಅವಳು ಆ ಟಾಕೀಸಿನಲ್ಲಿ ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಗೋಡೆಯಾಚೆಯ ಸದ್ದು ಕೇಳುತ್ತಾ ಆಪರೇಟರು ಹೇಳುತ್ತಿದ್ದರು, ಈಗ ಅವನು ರೈಲು ತಪ್ಪಿಸಿಕೊಳ್ಳುತ್ತಾನೆ, ಈಗ ಅವಳು ಬಾಗಿಲು ತೆಗೆಯುತ್ತಾಳೆ ಅಂತ. ಹೇಳಿ ಮುಗಿಸುವಷ್ಟರಲ್ಲಿ ಒಳಗೆ ಬಾಗಿಲು ಕಿರ್ ಅನ್ನುತ್ತಿತ್ತು. ಪರದೆಯ ಮೇಲಿನದಕ್ಕಿಂತ ಅವರ ಬಾಯಲ್ಲಿ ಕೇಳಿದ್ದೇ ಅವಳಿಗೆ ಚೆಂದ.

ಹೀಗಿರುವಾಗ ಸರ್ಕಾರದ ನಿಯಮ ಬಂತು. ಸಿಹಿ ಪಾನೀಯವನ್ನು ಅರ್ಧ ಲೀಟರಿಗಿಂತ ದೊಡ್ಡ ಲೋಟದಲ್ಲಿ ಮಾರಬಾರದು. ಕೆಲವು ತಿಂಗಳು ನೋಡಿ, ಜನರ ಮಾತು ಕೇಳಿ, ಆಮೇಲೆ ಖಾಯಂ ಮಾಡುತ್ತಾರಂತೆ. ಬಕೆಟ್ಟುಗಳು ಮೂಟೆ ಕಟ್ಟಿಸಿಕೊಂಡು ಉಗ್ರಾಣ ಸೇರಿದವು. ಚಿಕ್ಕ ಲೋಟವನ್ನೂ ಇಬ್ಬರಿಗೆ ಹಂಚಿದರೆ ಊರೇ ನಗುತ್ತದೆ ಅಂತ ಮಾಲೀಕನಿಗೂ ಅನಿಸಿರಬೇಕು, ಒಬ್ಬೊಬ್ಬರಿಗೆ ಒಂದೊಂದು ಅಂದ. ಎಲ್ಲರಿಗೂ ಖುಷಿ. ಆಪರೇಟರು ಕೌಂಟರಿಗೆ ಬಂದು ತಮ್ಮ ಲೋಟ ತೆಗೆದುಕೊಂಡು, ತಲೆಯಾಡಿಸಿ, ಮೇಲೆ ಹತ್ತಿ ಹೋದರು. ಮರುದಿನವೂ ಹಾಗೆಯೇ. ಅದೇ ರೂಢಿಯಾಯಿತು.

ಅವರು ಬರುತ್ತಿದ್ದದ್ದು ಪಾನೀಯಕ್ಕೇ ತಾನೆ, ಅಂದುಕೊಂಡಳು. ಅಂದುಕೊಂಡರೂ ಸಿನಿಮಾ ಮತ್ತೆ ಶುರುವಾಗುತ್ತಿದ್ದಂತೆ ಕಿವಿ ಮೆಟ್ಟಿಲ ಕಡೆಗೇ ಹೋಗುತ್ತಿತ್ತು. ಒಳಗೆ ಯಾರೋ ಅಳುತ್ತಿದ್ದರು, ಯಾಕೆ ಅಳುತ್ತಾರೆಂದು ಹೇಳುವವರಿರಲಿಲ್ಲ.

ಮನೆಯಲ್ಲಿ ತಂಗಿಗೆ ಸಂಭ್ರಮ. ಈ ನಿಯಮ ಅಮ್ಮನ ಕಾಲದಲ್ಲೇ ಬರಬೇಕಿತ್ತು ಅನ್ನುತ್ತಿದ್ದಳು. ಅಮ್ಮ ದಿಂಬಿನಡಿ ಮಿಠಾಯಿ ಬಚ್ಚಿಡುತ್ತಿದ್ದದ್ದು ಇಬ್ಬರಿಗೂ ನೆನಪಿತ್ತು. ಅಕ್ಕನಿಗೆ ಈ ಮಾತು ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಜನರ ಮಾತು ಕೇಳುವ ದಿನ ಬಂದಾಗ ನಿಯಮದ ವಿರುದ್ಧ ಮಾತಾಡಲು ಮಾಲೀಕ ಅವಳನ್ನೇ ಆರಿಸಿದ. ಬಡ ಹೆಂಗಸು ಮಾತಾಡಿದರೆ ಅಧಿಕಾರಿಗಳ ಮನಸ್ಸು ಕರಗುತ್ತದೆ ಅನ್ನುವ ಲೆಕ್ಕ. ನಮ್ಮ ಬಾಯಿ, ನಮ್ಮ ದುಡ್ಡು, ನಮ್ಮ ಸ್ವಾತಂತ್ರ್ಯ ಅಂತ ಮ್ಯಾನೇಜರು ಬಾಯಿಪಾಠ ಮಾಡಿಸಿದ. ಟಾಕೀಸಿನವರೆಲ್ಲ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತರು. ಮೈಕಿನ ಮುಂದೆ ನಿಂತಾಗ ಪಾಠವೆಲ್ಲ ಹಾರಿಹೋಯಿತು.

“ನಮ್ಮಮ್ಮ ಸಕ್ಕರೆ ಕಾಯಿಲೇಲೇ ಹೋದ್ರು,” ಅಂದಳು. “ಲೋಟ ಚಿಕ್ಕದು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಒಂದು ಲೋಟ ಅಂದ್ರೆ ಒಬ್ಬರೇ ಅಂತ ನೀವು ಅಂದ್ಕೊಂಡ್ರಿ. ದೊಡ್ಡದು ತಗೊಂಡೋರು ಎಷ್ಟೋ ಜನ ನನ್ಹತ್ರ ಎರಡು ಸ್ಟ್ರಾ ಕೇಳಿ ಇಸ್ಕೋತಿದ್ರು. ಅವರಿಗೆ ಏನು ಹೋಯ್ತು ಅಂತ ಯಾರೂ ಕೇಳ್ಲಿಲ್ಲ. ಒಂದು ಮಾತು ಕೇಳಬಹುದಿತ್ತು.”

ಯಾರೋ ನಕ್ಕರು. ಮ್ಯಾನೇಜರು ತಲೆ ಮೇಲೆ ಕೈ ಹೊತ್ತ. ಅಧಿಕಾರಿ ಮುಂದಿನವರನ್ನು ಕರೆದರು.

ಬಸ್ ಸ್ಟಾಪಿನಲ್ಲಿ ಆಪರೇಟರು ಬಂದು ಪಕ್ಕದಲ್ಲಿ ನಿಂತರು.

“ನನಗೂ ಅದೇ ಕಾಯಿಲೆ,” ಅಂದರು. “ಸುಮಾರು ವರ್ಷ ಆಯ್ತು.”

“ಮತ್ತೆ ದಿನಾ ಕುಡೀತಿದ್ರಲ್ಲ?”

“ಸ್ಟ್ರಾ ಬಾಯಲ್ಲಿ ಇಟ್ಕೊಂಡಿರ್ತಿದ್ದೆ. ಕುಡೀತಿದ್ದೋರು ನೀವು.”

ಅವರಿಗೆ ಕಡಿಮೆಯಾದೀತು ಅಂತ ಮೆಲ್ಲಗೆ ಕುಡಿಯುತ್ತಿದ್ದ ಅವಳಿಗೆ, ಅಷ್ಟು ವರ್ಷ ಆ ಬಕೆಟ್ಟನ್ನು ಒಬ್ಬಳೇ ಬರಿದು ಮಾಡಿದ್ದೇನೆ ಅಂತ ತಿಳಿದು ನಗು ಬಂತು. ಹಾಗಿದ್ದರೆ ಇಳಿದು ಬರುವುದನ್ನು ಯಾಕೆ ಬಿಟ್ಟಿರಿ ಅಂತ ಕೇಳಿದಳು.

“ಒಬ್ಬೊಬ್ಬರಿಗೆ ಒಂದೊಂದು ಲೋಟ ಅಂದ್ಮೇಲೆ, ಯಾವ ನೆಪ ಹೇಳ್ಕೊಂಡು ಬರ್ಲಿ?”

ನೆಪ ಯಾಕೆ ಬೇಕು ಅನ್ನುವ ಮಾತು ನಾಲಿಗೆ ತುದಿಯವರೆಗೆ ಬಂತು. ಬಸ್ಸೂ ಬಂತು.

ಮರುದಿನ ಇಂಟರ್ವಲ್ ಮುಗಿದ ಮೇಲೆ ಅವಳು ಎರಡು ಲೋಟ ನೀರು ಹಿಡಿದು ಮೆಟ್ಟಿಲ ಮೇಲೆ ಕೂತಳು. ಆಪರೇಟರು ಇಳಿದು ಬಂದರು. ಮತ್ತೆ ಕಥೆ ಶುರುವಾಯಿತು. ಆದರೆ ಅದು ಬಹಳ ದಿನ ನಡೆಯಲಿಲ್ಲ. ಮಷೀನಿನ ಗುಂಡಿ ಒತ್ತುವ ಕೆಲಸಕ್ಕೆ ಮ್ಯಾನೇಜರೇ ಸಾಕು, ಆಪರೇಟರು ಬೇಡ ಅಂತ ಮಾಲೀಕ ತೀರ್ಮಾನಿಸಿದ. ಅವರು ಸಮುದ್ರದ ಕಡೆಯ ಊರಿನಲ್ಲಿದ್ದ ತಮ್ಮ ಅಕ್ಕನ ಮನೆಗೆ ಹೊರಟರು.

“ಒಂದು ಸಲ ಬನ್ನಿ,” ಅಂದರು ಹೊರಡುವ ದಿನ. “ಅಲ್ಲೂ ಒಂದು ಟಾಕೀಸಿದೆಯಂತೆ. ಕೂತ್ಕೊಂಡು ಪೂರ್ತಿ ನೋಡೋಣ.”

ಅವಳು ಹೂಂ ಅಂದಳು.

ನಿಯಮ ಖಾಯಂ ಆಯಿತು. ಜನ ಒಂದೆರಡು ವಾರ ಗೊಣಗಿ, ಆಮೇಲೆ ಚಿಕ್ಕ ಲೋಟಕ್ಕೇ ಒಗ್ಗಿಕೊಂಡರು. ಭಾನುವಾರ ಬೆಳಿಗ್ಗೆ ಆಪರೇಟರ ಫೋನು ಬರುತ್ತದೆ. ಅಲ್ಲಿನ ಗಾಳಿ, ಅಕ್ಕನ ಮಂಡಿನೋವು, ಹೊಸ ಸಿನಿಮಾ. ಬನ್ನಿ ಅಂತ ಅವರು ಮತ್ತೆ ಕರೆದಿಲ್ಲ, ಬರುತ್ತೇನೆ ಅಂತ ಅವಳೂ ಹೇಳಿಲ್ಲ.

ಒಮ್ಮೆ ರಜೆ ಹಾಕಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಬಸ್ ನಿಲ್ದಾಣದವರೆಗೂ ಹೋದಳು. ಸಮುದ್ರದ ಕಡೆಯ ಬಸ್ಸು ಇತ್ತು, ಕಿಟಕಿ ಪಕ್ಕದ ಸೀಟೂ ಖಾಲಿ ಇತ್ತು. ಬೇಡ ಅನ್ನುವವರು ಯಾರೂ ಇರಲಿಲ್ಲ, ಸರ್ಕಾರವೂ ಇರಲಿಲ್ಲ. ಕಂಡಕ್ಟರ್ ಎರಡು ಸಲ ಊರಿನ ಹೆಸರು ಕೂಗಿ ಅವಳ ಮುಖ ನೋಡಿದ. ಬಸ್ಸು ಹೊರಟಾಗಲೂ ಅವಳು ಬೆಂಚಿನಲ್ಲೇ ಕೂತಿದ್ದಳು.

ಮನೆಗೆ ಬಂದಾಗ ಎಲ್ಲಿಗೆ ಹೋಗಿದ್ದೆ ಅಂತ ತಂಗಿ ಕೇಳಿದಳು. ಅವಳು ಮುಚ್ಚಿಡದೆ ಎಲ್ಲ ಹೇಳಿದಳು. ತಂಗಿ, “ಮುಂದಿನ ರಜಕ್ಕೆ ನಾನೇ ಬಂದು ಬಸ್ ಹತ್ತಿಸ್ಲಾ ಅಕ್ಕಾ?” ಅಂದಳು.

“ಬೇಡ,” ಅಂದಳು ಅವಳು. “ನಾನೇ ಹತ್ತಬೇಕು.”